ಒಂಬತ್ತು ದಿನದಲ್ಲಿ ಐದು ಅರ್ಜಿ

ಜನವರಿ ೩

ಅಪ್ಪ,

ಕ್ಷೇಮ ಸಮಾಚಾರ ವಿಚಾರಿಸುವ ಮನಸ್ಸಿಲ್ಲ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ಅಕ್ಟೋಬರಿನಿಂದ ನಿಮ್ಮ ಫೋನ್ ಎತ್ತಿಲ್ಲ, ಇನ್ನು ಮುಂದೆಯೂ ಎತ್ತುವುದಿಲ್ಲ. ಫೋನಿನಲ್ಲಿ ನಾನು ದನಿ ಏರಿಸಿದರೆ ಸಾಕು, ನೀವು "ಸರಿ, ಇಡ್ತೀನಿ" ಅಂದುಬಿಡುತ್ತೀರಿ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕಲ್ಲ.

ಹೊಲಿಗೆ ಯಂತ್ರ ರಿಪೇರಿ ಅಂಗಡಿಯಲ್ಲಿ ನನ್ನದು ಹನ್ನೊಂದು ವರ್ಷ ಆಯಿತು. ನಮ್ಮ ಯಜಮಾನರಿಗೆ ಬೀದಿಯಲ್ಲೆಲ್ಲ ಎಣ್ಣೆ ಮೇಷ್ಟ್ರು ಅಂತಲೇ ಹೆಸರು. ಯಂತ್ರಕ್ಕೆ ಎಣ್ಣೆ ಹಾಕುವುದರ ಬಗ್ಗೆ ಒಂದು ಪಾಠ ಮಾಡದೆ ಅವರು ಯಾವ ಗಿರಾಕಿಯನ್ನೂ ಮೆಟ್ಟಿಲು ಇಳಿಯಲು ಬಿಟ್ಟವರಲ್ಲ. ಈಗ ಅವರ ಮಂಡಿಗಳೇ ಎಣ್ಣೆ ಇಲ್ಲದ ಹಾಗಾಗಿವೆ. ಅಂಗಡಿ, ಸಾಮಾನು, ಗಿರಾಕಿಗಳು ಎಲ್ಲ ಸೇರಿಸಿ ಒಂದು ಬೆಲೆ ಹೇಳಿದ್ದಾರೆ. ಸೆಪ್ಟೆಂಬರ್ ಕೊನೆಯವರೆಗೆ ನನಗಾಗಿ ಕಾಯುತ್ತಾರಂತೆ. ಅಲ್ಲಿಗೂ ಹಣ ಆಗದಿದ್ದರೆ ಪಕ್ಕದ ಮೊಬೈಲ್ ಕವರಿನವನು ಕಾದು ಕೂತಿದ್ದಾನೆ. ಅವನ ಕೈಗೆ ಹೋದರೆ ನಾನು ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಕವರು ನೇತಾಡುತ್ತವೆ.

ಬ್ಯಾಂಕಿಗೆ ಸಾಲ ಕೇಳಲು ಹೋದೆ. ಅಲ್ಲಿದ್ದ ಅಧಿಕಾರಿ ಹೆಂಗಸು ಕಂಪ್ಯೂಟರಿನ ಮುಖವನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಏನೂ ಇರಲಿಲ್ಲ. "ಮೇಡಂ, ನೀವು ಇವತ್ತಿನವರೆಗೂ ಎಲ್ಲೂ ಒಂದು ಸಾಲ ಮಾಡಿಲ್ಲ, ಒಂದು ಕ್ರೆಡಿಟ್ ಕಾರ್ಡ್ ಇಟ್ಕೊಂಡಿಲ್ಲ. ನಿಮಗೆ ಸ್ಕೋರೇ ಇಲ್ಲ. ನಿಮ್ಮನ್ನ ಯಾವ ನಂಬಿಕೆ ಮೇಲೆ ನಂಬೋದು?" ಅಂದಳು. ನನಗೆ ಮೂವತ್ತೈದು ವರ್ಷ. ಹದಿನೆಂಟರಿಂದ ದುಡಿಯುತ್ತಿದ್ದೇನೆ. ಯಾರಿಗೂ ಒಂದು ಬಿಡಿಗಾಸು ಬಾಕಿ ಇಟ್ಟವಳಲ್ಲ. ನಮ್ಮ ಮನೆಯಲ್ಲಿ ಯಾರೂ ಸಾಲಕ್ಕೆ ಕೈ ಚಾಚಿಲ್ಲ ಅಂತ ನೀವು ಎದೆ ಉಬ್ಬಿಸಿ ಹೇಳುತ್ತಿದ್ದಿರಲ್ಲ, ಆ ಹೆಮ್ಮೆಗೆ ಹೊರಗೆ ಸಿಗುವ ಮರ್ಯಾದೆ ಇದು.

ಸಿಟ್ಟು ನೆತ್ತಿಗೇರಿತು. ಕಾರ್ಡ್ ಇಲ್ಲದೆ ಸ್ಕೋರ್ ಇಲ್ಲ ಅಂದರೆ ಕಾರ್ಡ್ ತಗೊಂಡರಾಯಿತು ಅಂತ ಒಂಬತ್ತು ದಿನದಲ್ಲಿ ಐದು ಕಂಪನಿಗಳಿಗೆ ಅರ್ಜಿ ಹಾಕಿದೆ. ಒಬ್ಬರಲ್ಲ ಒಬ್ಬರು ಕೊಡುತ್ತಾರೆ ಅನ್ನುವ ಲೆಕ್ಕ. ಐದೂ ತಿರಸ್ಕೃತ. ಐದನೆಯವರಂತೂ ಉತ್ತರ ಕೊಡಲು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ.

ನೀವು ಸಾಲದ ಕಂಪನಿಯ ಅರ್ಜಿ ಮೇಜಿನಲ್ಲಿ ಇಪ್ಪತ್ತೆಂಟು ವರ್ಷ ಕೂತವರು. ನನ್ನಲ್ಲಿ ಅವರಿಗೆ ಏನು ಕಾಣುತ್ತಿದೆ, ಅದನ್ನಷ್ಟೇ ಬರೆಯಿರಿ. ಬುದ್ಧಿವಾದ ಬೇಡ.

ಸಾಲವಿಲ್ಲದ, ಆದ್ದರಿಂದ ನಂಬಿಕೆಗೆ ಅರ್ಹಳಲ್ಲದ
ನಿಮ್ಮ ಮಗಳು


ಜನವರಿ ೯

ಮಗಳೇ,

ನಿನ್ನ ಪತ್ರ ಇಂದು ಬೆಳಗ್ಗೆ ತಲುಪಿತು. ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತೇನೆ.

ನೀನು ಎಲ್ಲಿ ಅರ್ಜಿ ಹಾಕಿದರೂ ಆ ಕಂಪನಿ ನಿನ್ನ ದಾಖಲೆ ತೆರೆದು ನೋಡುತ್ತದೆ. ಹಾಗೆ ನೋಡಿದ್ದಕ್ಕೆ ದಾಖಲೆಯಲ್ಲಿ ಒಂದು ಗುರುತು ಉಳಿಯುತ್ತದೆ. ಎರಡನೆಯವರಿಗೆ ಮೊದಲನೆಯವರ ಗುರುತು ಕಾಣುತ್ತದೆ, ಐದನೆಯವರಿಗೆ ನಾಲ್ಕೂ ಕಾಣುತ್ತವೆ. ಒಂಬತ್ತು ದಿನದಲ್ಲಿ ಐದು ಬಾಗಿಲು ತಟ್ಟಿದವಳನ್ನು ನೋಡಿ, ಇವಳಿಗೆ ಏನೋ ತುರ್ತು ಬಂದಿದೆ, ಕೊಟ್ಟರೆ ಮರಳಿ ಬರುವುದಿಲ್ಲ ಎಂದುಕೊಳ್ಳುತ್ತಾರೆ. ನಾನು ಆ ಮೇಜಿನಲ್ಲಿದ್ದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಮೊದಲು ನಿನ್ನದು ಬರೀ ಖಾಲಿ ಹಾಳೆ. ಈಗ ಅದರ ಮೇಲೆ ಐದು ಕಲೆಗಳು.

ಕಲೆಗಳು ಅಳಿಯುತ್ತವೆ, ಆದರೆ ಸಮಯ ಬೇಕು. ಆರು ತಿಂಗಳು ಕಳೆದರೆ ಅವುಗಳಿಗೆ ಹೆಚ್ಚು ಬೆಲೆ ಇರುವುದಿಲ್ಲ. ಅಲ್ಲಿಯವರೆಗೆ ಯಾವ ಅರ್ಜಿಯನ್ನೂ ಹಾಕಕೂಡದು. ಯಾರು ಫೋನ್ ಮಾಡಿ ಪುಕ್ಕಟೆ ಕೊಡುತ್ತೇವೆಂದರೂ ಹೂಂ ಅನ್ನಕೂಡದು. ನಿನ್ನ ಸ್ಕೋರನ್ನು ನೀನೇ ನೋಡಿಕೊಂಡರೆ ಕಲೆ ಬೀಳುವುದಿಲ್ಲ, ಅದನ್ನು ಬೇಕಾದರೆ ದಿನಕ್ಕೆರಡು ಸಲ ನೋಡು.

ಅಕ್ಟೋಬರಿನಲ್ಲಿ ಏನಾಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಮ್ಮ ತೀರಿಹೋದ ಮೇಲೆ ಯಾರೂ ಮುಟ್ಟದ ಅವಳ ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿ ಬರುತ್ತೇನೆಂದು ನೀನು ಅವಳ ಕೋಣೆಗೆ ಹೋದೆ. ಅರ್ಧ ಗಂಟೆಯಲ್ಲಿ ಹೊರಗೆ ಬಂದು, ಬಡಿಸಿಟ್ಟ ತಟ್ಟೆಯನ್ನೂ ನೋಡದೆ ಹೋಗಿಬಿಟ್ಟೆ. ಯಂತ್ರ ಅಂದಿನಿಂದ ಮುಚ್ಚಿಯೇ ಇದೆ.

ಅಪ್ಪ


ಜನವರಿ ೧೭

ಅಪ್ಪ,

ಹಾಕಕೂಡದು, ಹೂಂ ಅನ್ನಕೂಡದು. ಎರಡು ಸಾಲಿನಲ್ಲಿ ಎರಡು ಕೂಡದು! ನನ್ನ ಹತ್ತನೆಯ ವಯಸ್ಸಿನಿಂದ ಕೇಳಿದ್ದೇನೆ ಈ ಮಾತನ್ನು. ಹದಿನಾಲ್ಕನೇ ತಾರೀಖು ಆರನೆಯ ಅರ್ಜಿ ಹಾಕಿದೆ. ನೀವು ಬೇಡ ಅಂದಿರಿ ಅನ್ನುವುದೊಂದೇ ಕಾರಣ. ಅದೂ ತಿರಸ್ಕೃತವಾಯಿತು. ಆದರೂ ಹಾಕುವಾಗ ಹೊಟ್ಟೆ ತಣ್ಣಗಾಯಿತು.

ಅಕ್ಟೋಬರಿನಲ್ಲಿ ಏನಾಯಿತೆಂದು ಗೊತ್ತಿಲ್ಲ ಅಂದಿರಲ್ಲ, ಈಗ ಗೊತ್ತಾಗಲಿ.

ಯಂತ್ರದ ಮೇಜಿಗೆ ಬಲಗಡೆ ಒಂದು ಸಣ್ಣ ಡ್ರಾಯರ್ ಇದೆ. ಅಮ್ಮ ಬಾಬಿನ್ನು, ಮುರಿದ ಸೂಜಿ, ಬಿಡಿ ಗುಂಡಿಗಳನ್ನು ಅದರಲ್ಲಿ ಇಡುತ್ತಿದ್ದಳು. ಡ್ರಾಯರ್ ಸಿಕ್ಕಿಹಾಕಿಕೊಳ್ಳುತ್ತಿತ್ತು. ಪೂರ್ತಿ ಹೊರಗೆಳೆದು ನೋಡಿದರೆ ತಳಕ್ಕೆ ಒಂದು ಕಾಗದ ಮಡಿಸಿ ಅಂಟಿಸಿದ್ದಳು. ಹತ್ತೊಂಬತ್ತು ವರ್ಷದ ಹಿಂದಿನದು, ನಿಮ್ಮ ಕಂಪನಿಯದು. ಹೊಲಿಗೆ ಅಂಗಡಿ ಇಡಲು ಅಮ್ಮ ಸಾಲ ಕೇಳಿದ್ದಳು. "ಅರ್ಜಿದಾರರಿಗೆ ಸಾಲದ ಚರಿತ್ರೆ ಇಲ್ಲದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ." ಕೆಳಗೆ ಸಹಿ. ಆ ಸಹಿ ನನಗೆ ಗೊತ್ತು, ನನ್ನ ಅಂಕಪಟ್ಟಿಗಳ ಮೇಲೆಲ್ಲ ಇದೆ.

ನಮ್ಮಮ್ಮ ಅಂಗಡಿ ಇಡಬೇಕು ಅಂತ ಆಸೆ ಪಟ್ಟಿದ್ದಳು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅಕ್ಕಪಕ್ಕದವರ ರವಿಕೆಗೆ ಕೊಕ್ಕೆ ಹಾಕಿಕೊಂಡು, ಕೊಟ್ಟಷ್ಟು ತಗೊಂಡು, ಅದರಲ್ಲೇ ಹಾಯಾಗಿದ್ದಾಳೆ ಅಂದುಕೊಂಡಿದ್ದೆ. ಅವಳಿಗೆ ಸಾಲದ ಚರಿತ್ರೆ ಯಾಕಿರಲಿಲ್ಲ ಅಪ್ಪ? ಮನೆಯಲ್ಲಿ ಸಾಲ ಮಾಡಕೂಡದು ಅಂದವರು ಯಾರು?

ಸಹಿ ಹಾಕಿದ ದಿನ ಸಂಜೆ ಮನೆಗೆ ಬಂದು ಅವಳ ಕೈಯಿಂದ ಊಟ ಬಡಿಸಿಕೊಂಡಿರಾ? ಇದೊಂದಕ್ಕೆ ಉತ್ತರ ಬೇಕು.

ಆ ಕಾಗದವನ್ನು ಕೈಚೀಲದಲ್ಲಿಟ್ಟುಕೊಂಡೇ ಓಡಾಡುವ
ನಿಮ್ಮ ಮಗಳು


ಫೆಬ್ರವರಿ ೧೧

ಮಗಳೇ,

ನೀನು ಕೇಳಿದ್ದಕ್ಕೆ ನಾಲ್ಕು ಸಲ ಉತ್ತರ ಬರೆದೆ. ನಾಲ್ಕನ್ನೂ ಹರಿದೆ. ಬರೆಯಲು ಬರುತ್ತಿಲ್ಲ.

ಬರೆಯಲು ಬರುವುದನ್ನು ಬರೆಯುತ್ತೇನೆ. ಡಿಪಾಸಿಟ್ ಇಟ್ಟರೆ ಅದರ ಆಧಾರದ ಮೇಲೆ ಕೊಡುವ ಕಾರ್ಡ್ ಒಂದಿದೆ. ನಿನ್ನ ಹಣ ಅವರ ಬಳಿಯೇ ಇರುವುದರಿಂದ ಹಳೆಯ ಕಲೆಗಳನ್ನು ಅವರು ಎಣಿಸುವುದಿಲ್ಲ. ಅದೊಂದನ್ನು ತೆಗೆದುಕೋ, ಮಾರ್ಚ್ ಮೊದಲ ವಾರದೊಳಗೆ. ಕಾರ್ಡಿನ ಮಿತಿಯಲ್ಲಿ ಮೂರನೆಯ ಒಂದು ಪಾಲಿಗಿಂತ ಕಡಿಮೆ ಬಳಸು. ಬಿಲ್ಲನ್ನು ಗಡುವಿಗೆ ಮೊದಲೇ ಪೂರ್ತಿ ಕಟ್ಟು. ಆರು ಬಿಲ್ಲು ಕಟ್ಟಿದ ಮೇಲೆ ದೊಡ್ಡ ಸಾಲಕ್ಕೆ ಹೋಗು. ಮಾರ್ಚಿನಿಂದ ಎಣಿಸಿದರೆ ಆರನೆಯದು ಆಗಸ್ಟಿನಲ್ಲಿ ಬರುತ್ತದೆ. ಸೆಪ್ಟೆಂಬರ್ ಮೊದಲ ವಾರ ಅರ್ಜಿ. ಅದಕ್ಕಿಂತ ಒಂದು ದಿನವೂ ಮೊದಲಲ್ಲ.

ಆರನೆಯ ಅರ್ಜಿ ಹಾಕಿದ್ದು ಹುಚ್ಚುತನ. ನೀನು ಹಾಕುತ್ತೀಯೆಂದು ನನಗೆ ಗೊತ್ತಿರಬೇಕಿತ್ತು.

ಅಪ್ಪ


ಮಾರ್ಚ್ ೨೪

ಅಪ್ಪ,

ಡಿಪಾಸಿಟ್ ಕಾರ್ಡ್ ತಗೊಂಡೆ. ನೀವು ಹೇಳಿದಿರಿ ಅಂತಲ್ಲ. ತಿಂಗಳ ಮೊದಲಲ್ಲಿ ಒಂದು ದಿನ ಕವರಿನವನು ಬೆಳಗ್ಗೆ ಅಳತೆ ಪಟ್ಟಿ ಹಿಡಿದು ಬಂದು ನನ್ನ ಕೆಲಸದ ಮೇಜಿನ ಉದ್ದ ಅಳೆದ. ನಾನು ಅದರ ಮುಂದೆ ಕೂತಿದ್ದೇನೆ ಅನ್ನುವ ಪರಿವೆಯೂ ಇಲ್ಲದೆ, "ಇಲ್ಲಿ ಗಾಜಿನ ಶೋಕೇಸ್ ಸರಿಯಾಗಿ ಕೂರುತ್ತೆ" ಅಂದ. ಮಧ್ಯಾಹ್ನ ಹೋಗಿ ಡಿಪಾಸಿಟ್ ಇಟ್ಟು ಬಂದೆ.

ಕಾರ್ಡಿನಲ್ಲಿ ನೂಲು, ಬೆಲ್ಟು, ಯಂತ್ರದ ಎಣ್ಣೆ ಬಿಟ್ಟು ಬೇರೆ ಏನೂ ಕೊಳ್ಳುವುದಿಲ್ಲ. ಮೊದಲ ಬಿಲ್ಲು ಇಪ್ಪತ್ತನೇ ತಾರೀಖು ಬಂತು, ಇಪ್ಪತ್ತೊಂದಕ್ಕೆ ಕಟ್ಟಿದೆ. ಮೇಷ್ಟ್ರು ಆ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, "ನಮ್ಮ ದುಡ್ಡು ಅವರ ಹತ್ರ ಇಟ್ಟು, ಅವರ ದುಡ್ಡಲ್ಲಿ ಎಣ್ಣೆ ತಂದು, ಮತ್ತೆ ಅವರಿಗೆ ದುಡ್ಡು ಕೊಡೋದಾ? ಇದ್ಯಾವ ಸೀಮೆ ವ್ಯಾಪಾರಾನಮ್ಮ?" ಅಂದರು. ಅವರು ಕೇಳಿದ್ದು ಸರಿಯಾಗಿಯೇ ಇದೆ.

ನಮ್ಮ ಬೀದಿಯ ದೊಡ್ಡ ಅಂಗಡಿಯ ಬಾಗಿಲಲ್ಲಿ ಒಬ್ಬ ಟೈ ಕಟ್ಟಿಕೊಂಡು ನಿಲ್ಲುತ್ತಾನೆ. ಕಾರ್ಡಿಗೆ ಅರ್ಜಿ ತುಂಬಿದರೆ ಚಕ್ರ ಇರುವ ಸೂಟ್‌ಕೇಸ್ ಪುಕ್ಕಟೆ. ಮೂರು ದಿನ ನನ್ನ ಹಿಂದೆ ಬಿದ್ದ. ನಾಲ್ಕನೆಯ ದಿನ, ನನ್ನದು ಆರು ಸಲ ತಿರಸ್ಕಾರ ಆಗಿದೆ, ಏಳನೆಯದಕ್ಕೂ ಸೂಟ್‌ಕೇಸ್ ಕೊಡ್ತೀರಾ ಅಂತ ಕೇಳಿದೆ. ಅಲ್ಲಿಂದ ಈಚೆಗೆ ನನ್ನನ್ನು ಕಂಡರೆ ಗಾಜಿನ ಬಾಗಿಲು ಒರೆಸತೊಡಗುತ್ತಾನೆ.

ಮೊದಲೆಲ್ಲ ಹಟ ಅಂದರೆ ಹೋಗಿ ಗುದ್ದುವುದು ಅಂದುಕೊಂಡಿದ್ದೆ. ಸುಮ್ಮನೆ ಕೂರುವುದಕ್ಕೂ ಅಷ್ಟೇ ಹಟ ಬೇಕು ಅನ್ನುವುದು ಈಗ ಗೊತ್ತಾಗುತ್ತಿದೆ.

ನನ್ನ ಪ್ರಶ್ನೆ ಹಾಗೇ ಇದೆ. ಹರಿದು ಹಾಕಿದರೆ ಮತ್ತೆ ಕೇಳುತ್ತೇನೆ.

ಒಂದು ಬಿಲ್ಲು ಕಟ್ಟಿ ಐದು ಬಾಕಿ ಇರುವ
ನಿಮ್ಮ ಮಗಳು


ಏಪ್ರಿಲ್ ೩೦

ಸೂಜಿ,

ನಿನ್ನನ್ನು ಹೀಗೆ ಕರೆದು ಎಷ್ಟು ವರ್ಷವಾಯಿತೋ. ನಾಲಿಗೆ ಚೂಪು ಎಂದು ನಾನೇ ಇಟ್ಟ ಹೆಸರು, ನಾನೇ ಕರೆಯುವುದನ್ನು ಬಿಟ್ಟೆ.

ಬಡಿಸಿಕೊಂಡೆ. ಊಟ ಮಾಡಿದೆ. ಕೈ ತೊಳೆದು ಪೇಪರ್ ಓದಿದೆ. ಇದು ನಿನ್ನ ಪ್ರಶ್ನೆಗೆ ಉತ್ತರ. ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಅವಳು ಮನೆಯಲ್ಲಿ ನನಗೆ ಒಂದು ಮಾತೂ ಹೇಳಿರಲಿಲ್ಲ. ಒಂದು ಮಂಗಳವಾರ ಎಲ್ಲರಂತೆ ಟೋಕನ್ ತೆಗೆದುಕೊಂಡು, ಬೆಂಚಿನಲ್ಲಿ ಕೂತು, ತನ್ನ ಸರದಿ ಬಂದಾಗ ನನ್ನ ಮೇಜಿನ ಮುಂದೆ ಬಂದು ಫಾರಂ ಇಟ್ಟಳು. ಟೋಕನ್ ಸಂಖ್ಯೆ ನಲವತ್ತೊಂದು. ಇದೇನು, ಮನೆಯಲ್ಲೇ ಕೇಳಬಹುದಿತ್ತಲ್ಲ ಎಂದೆ. "ಮನೇಲಿ ಕೇಳಿದ್ರೆ ನೀವು ಗಂಡ. ಇಲ್ಲಿ ಕೇಳಿದ್ರೆ ನೀವು ಅಧಿಕಾರಿ. ನನಗೆ ಅಧಿಕಾರಿ ಹತ್ರ ಕೆಲಸ ಇದೆ" ಎಂದಳು. ಹಿಂದೆ ಸಾಲಿನಲ್ಲಿದ್ದವರು ನಕ್ಕರು.

ಮನೆಯವರ ಅರ್ಜಿ ಬಂದರೆ ಪಕ್ಕದ ಮೇಜಿಗೆ ದಾಟಿಸಬೇಕೆಂಬುದು ನಿಯಮ. ಪಕ್ಕದ ಮೇಜಿನವನು ಉದಾರಿ, ಅವಳ ಹೊಲಿಗೆಯನ್ನೂ ಬಲ್ಲವನು. ಅವನ ಹೆಂಡತಿಯ ಬಟ್ಟೆಗಳನ್ನೆಲ್ಲ ಹೊಲಿದವಳು ಇವಳೇ. ದಾಟಿಸಿದ್ದರೆ ಅವನು ಮಂಜೂರು ಮಾಡುತ್ತಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ದಾಟಿಸಲಿಲ್ಲ. ನಾನೇ ಇಟ್ಟುಕೊಂಡು, ನಾನೇ ಸಹಿ ಹಾಕಿದೆ. ನಿಯಮ ಪಾಲಿಸಿದೆನೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ನಾನು ಮಾಡಿದ್ದು ನಿಯಮ ಮುರಿದದ್ದು. ಇಪ್ಪತ್ತೆಂಟು ವರ್ಷದಲ್ಲಿ ಅದೊಂದೇ ಸಲ. ಅಂಗಡಿ ನಡೆಯದೆ ಹೋದರೆ ನಾಳೆ ವಸೂಲಿಯವರು ನಮ್ಮ ಬಾಗಿಲಿಗೇ ಬರುತ್ತಾರೆಂಬ ಭಯ. ನಡೆದರೆ ಇವಳಿಗೆ ನನ್ನ ಅಗತ್ಯವೇ ಇರುವುದಿಲ್ಲವೆಂಬ ಭಯವೂ ಇತ್ತೇನೋ. ಅದನ್ನು ಬರೆಯಲು ಹೋಗಿಯೇ ನಾಲ್ಕು ಹಾಳೆ ಹರಿದದ್ದು. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಇನ್ನೊಂದು ವಿಷಯ. ನಗಬೇಡ ಎಂದರೆ ನಗುತ್ತೀ, ಆದ್ದರಿಂದ ಹಾಗೆ ಹೇಳುವುದಿಲ್ಲ. ಕಾರ್ಡ್ ಇದ್ದವರು ತಮ್ಮ ಮಕ್ಕಳ ಹೆಸರಿಗೆ ಹೆಚ್ಚುವರಿ ಕಾರ್ಡ್ ಮಾಡಿಸಬಹುದು. ಹೆತ್ತವರ ದಾಖಲೆಯ ಬಲ ಕೆಲವು ಕಡೆ ಮಕ್ಕಳಿಗೂ ಸಿಗುತ್ತದೆ. ಹಾಗೆ ನಿನಗೆ ನೆರವಾಗೋಣವೆಂದು ನಾನು ದುಡಿದ ಕಂಪನಿಯಲ್ಲೇ ಕಾರ್ಡಿಗೆ ಅರ್ಜಿ ಹಾಕಿದೆ. ತಿರಸ್ಕೃತ. ಮೊಂಡುತನ ಬಂತು. ಅದೇ ವಾರ ಇನ್ನೆರಡು ಕಡೆ ಹಾಕಿದೆ. ಅವೂ ತಿರಸ್ಕೃತ. ಊರವರ ಚರಿತ್ರೆಯನ್ನೆಲ್ಲ ನೋಡಿದ ನಾನು ನನ್ನದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಮೊದಲ ತಿರಸ್ಕಾರದ ಪ್ರತಿ ಜೊತೆಗಿದೆ. ವಾಕ್ಯ ಓದಿ ನೋಡು. ಅಮ್ಮನ ಕಾಗದದಲ್ಲಿದ್ದದ್ದೇ, ಒಂದು ಅಕ್ಷರ ಬದಲಾಗಿಲ್ಲ. ಕಂಪನಿಗೆ ಆ ನಮೂನೆ ಬರೆದುಕೊಟ್ಟವನು ನಾನು. ಚೊಕ್ಕವಾಗಿದೆಯೆಂದು ಆಗ ಎಲ್ಲರೂ ಹೊಗಳಿದ್ದರು.

ಅಪ್ಪ


ಜೂನ್ ೧೨

ಅಪ್ಪ,

ನಕ್ಕೆ. ಅಂಗಡಿಯಲ್ಲಿ ಬಿದ್ದು ಬಿದ್ದು ನಕ್ಕೆ. ಮೇಷ್ಟ್ರು ಗಾಬರಿಯಾಗಿ ನೀರು ತಂದುಕೊಟ್ಟರು. ಒಂದು ವಾರದಲ್ಲಿ ಮೂರು! ನನಗೆ ಹುಚ್ಚುತನ ಅಂದವರು ನೀವೇ ತಾನೆ? ನಾನು ಯಾರ ಹೊಟ್ಟೆಯಲ್ಲಿ ಹುಟ್ಟಿದ್ದು ಅನ್ನುವುದರಲ್ಲಿ ಅನುಮಾನ ಇರಲಿಲ್ಲ, ಯಾರ ಮಗಳು ಅನ್ನುವುದರಲ್ಲೂ ಈಗ ಅನುಮಾನ ಉಳಿಯಲಿಲ್ಲ.

ಇನ್ನು ಆರು ತಿಂಗಳು ನೀವು ಯಾವ ಅರ್ಜಿಯನ್ನೂ ಹಾಕಕೂಡದು. ಬೇಕಾದರೆ ಡಿಪಾಸಿಟ್ ಕಾರ್ಡ್ ತಗೊಳ್ಳಿ. ಬರೀ ಮಿತಿಯ ಮೂರನೇ ಒಂದು ಪಾಲು. ಕೂಡದು ಅಂತ ಬರೆಯುವುದಕ್ಕೆ ಎಷ್ಟು ಸುಖವಾಗುತ್ತದೆ ಅನ್ನುವುದು ಈಗ ತಿಳಿಯಿತು.

ನಕ್ಕ ಮೇಲೆ ಮಿಕ್ಕದ್ದನ್ನು ಮತ್ತೆ ಓದಿದೆ. ಆಮೇಲೆ ಒಂದೂವರೆ ತಿಂಗಳು ನಿಮಗೆ ಬರೆಯಲಾಗಲಿಲ್ಲ. ಪಕ್ಕದ ಮೇಜು ಎಷ್ಟು ದೂರ ಇತ್ತು ಅಪ್ಪ? ಕೈ ಚಾಚಿದರೆ ಸಿಗುತ್ತಿತ್ತಾ? ನಾನು ಇದನ್ನು ನುಂಗಿಕೊಳ್ಳುವುದಿಲ್ಲ. ನುಂಗಿಕೊಳ್ಳುವುದು ಅಮ್ಮನ ಅಭ್ಯಾಸ.

ಈಗ ಬರೆಯುತ್ತಿರುವುದು ಸಂಕಟಕ್ಕೆ ಸಿಕ್ಕಿದ್ದರಿಂದ. ಕವರಿನವನು ಮೇಷ್ಟ್ರಿಗೆ ನಾನು ಒಪ್ಪಿದ್ದಕ್ಕಿಂತ ಹೆಚ್ಚು ಬೆಲೆ ಹೇಳಿದ್ದಾನೆ, ಆದರೆ ಆಗಸ್ಟ್ ಒಂದಕ್ಕೆ ಕೀಲಿ ಕೈಗೆ ಬರಬೇಕಂತೆ. ಮೇಷ್ಟ್ರು ಮಾತಿನ ಮನುಷ್ಯ, ಆದರೆ ಅವರ ಮಗನಿಗೆ ಅಪ್ಪನ ಮಂಡಿಯ ಆಪರೇಷನ್ನಿನ ಖರ್ಚು ಕಣ್ಣ ಮುಂದೆ ಕುಣಿಯುತ್ತಿದೆ. ಮನೆಯಲ್ಲಿ ದಿನಾ ಜಗಳ. ನನಗೆ ಮೂರು ಬಿಲ್ಲು ಮುಗಿದಿದೆ, ಸ್ಕೋರ್ ಅಂತ ಒಂದು ಹುಟ್ಟಿದೆ, ಆದರೆ ಸಾಲ ಕೊಡುವವರು ಕೇಳುವುದಕ್ಕಿಂತ ಕೆಳಗಿದೆ. ಈಗಲೇ ದೊಡ್ಡ ಸಾಲಕ್ಕೆ ಅರ್ಜಿ ಹಾಕಿಬಿಡಲಾ? ಕೈ ತುರಿಸುತ್ತಿದೆ. ಬೇಗ ಬರೆಯಿರಿ.

ಇನ್ನೂ ಸಿಟ್ಟಿನಲ್ಲೇ ಇರುವ
ಸೂಜಿ


ಜೂನ್ ೧೬

ಸೂಜಿ,

ಬೇಡ.

ಈಗ ಹಾಕಿದರೆ ಮೂರು ಬಿಲ್ಲು, ಆರು ಕಲೆ ಕಾಣುತ್ತವೆ. ಖಂಡಿತ ತಿರಸ್ಕಾರ. ಆಗ ಏಳನೆಯ ಕಲೆ ಬಿದ್ದು ಸೆಪ್ಟೆಂಬರನ್ನೂ ಕೆಡಿಸುತ್ತದೆ. ಜುಲೈ ಹದಿನಾಲ್ಕಕ್ಕೆ ನಿನ್ನ ಕೊನೆಯ ಕಲೆಗೂ ಆರು ತಿಂಗಳು ತುಂಬುತ್ತದೆ. ಆಗಸ್ಟ್ ಇಪ್ಪತ್ತಕ್ಕೆ ಆರನೆಯ ಬಿಲ್ಲು. ಅದು ದಾಖಲೆಗೆ ಏರಲು ಒಂದೂವರೆ ವಾರ. ಸೆಪ್ಟೆಂಬರ್ ಮೂರು. ನಿನಗೆ ಬೇಕಾಗಿರುವುದು ಸಾಲವಲ್ಲ, ಮೂವತ್ಮೂರು ದಿನ.

ನಾನು ಬಂದು ನಿಮ್ಮ ಯಜಮಾನರೊಡನೆ ಮಾತನಾಡಲೆ ಎಂದು ಕೇಳಬೇಕೆನಿಸಿತು. ಕೇಳಿದರೆ ನೀನು ಬೇಡವೆನ್ನುತ್ತೀ. ಆ ಮೂವತ್ಮೂರು ದಿನವನ್ನು ಎಲ್ಲಿಂದ ತರುತ್ತೀಯೋ ನೋಡು. ಈ ವಿಷಯದಲ್ಲಿ ನನಗೆ ನಿಯಮ ಗೊತ್ತಿಲ್ಲ.

ಡಿಪಾಸಿಟ್ ಕಾರ್ಡ್ ತೆಗೆದುಕೊಂಡಿದ್ದೇನೆ.

ಅಪ್ಪ


ಆಗಸ್ಟ್ ೮

ಅಪ್ಪ,

ಇವತ್ತು ಎಂಟನೇ ತಾರೀಖು, ಅಂಗಡಿ ಇನ್ನೂ ನಮ್ಮದೇ. ಹೇಗೆ ಅಂತ ಹೇಳುತ್ತೇನೆ, ಕುರ್ಚಿಯಲ್ಲಿ ಸರಿಯಾಗಿ ಕೂತು ಓದಿ.

ಜುಲೈ ತುಂಬ ನಾನು ಬೀದಿ ಬೀದಿ ಸುತ್ತಿ ಎಲ್ಲ ಹೊಲಿಗೆಯವರಿಗೂ ಹೇಳಿದೆ, ನಿಮ್ಮ ಯಂತ್ರಕ್ಕೆ ವರ್ಷದ ಸರ್ವಿಸ್ ಅರ್ಧ ಬೆಲೆಗೆ ಮಾಡಿಕೊಡುತ್ತೇನೆ, ತಂದುಹಾಕಿ ಅಂತ. ಹನ್ನೊಂದು ವರ್ಷದಿಂದ ನನ್ನ ಕೈ ನೋಡಿದವರು, ತಂದುಹಾಕಿದರು. ಮೂವತ್ತೊಂದು ಯಂತ್ರ ಬಂತು. ಮೂವತ್ತೊಂದನ್ನೂ ಬಿಚ್ಚಿದೆ. ಪೂರ್ತಿ. ಶಟಲ್ಲು, ಸ್ಪ್ರಿಂಗು, ಹಲ್ಲಿನ ಗಾಲಿ, ಸ್ಕ್ರೂ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಬಟ್ಟೆ ಹಾಸಿ ನೆಲದ ಮೇಲೆ ಹರಡಿದೆ. ಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಕಾಲಿಡಲು ಜಾಗ ಇಲ್ಲ. ಯಾವ ಸ್ಕ್ರೂ ಯಾವ ಯಂತ್ರದ್ದು ಅನ್ನುವುದು ನನ್ನೊಬ್ಬಳಿಗೇ ಗೊತ್ತು.

ಮೇಷ್ಟ್ರ ಮಗ ಹೂಂ ಅಂದಿದ್ದನೋ ಏನೋ, ಒಂದನೇ ತಾರೀಖು ಕವರಿನವನು ಆಳುಗಳಿಂದ ಶೋಕೇಸ್ ಹೊರಿಸಿಕೊಂಡು ಬಂದ. ಬಾಗಿಲಲ್ಲೇ ನಿಂತ. ಇದನ್ನೆಲ್ಲ ತೆಗೆಸಿ ಅಂದ. ತೆಗೆಯಿರಿ, ಆದರೆ ಒಂದು ಸ್ಕ್ರೂ ಆಚೀಚೆ ಆದರೂ ಮೂವತ್ತೊಂದು ಮನೆಯ ಅನ್ನ ನಿಲ್ಲುತ್ತದೆ, ಅವರೆಲ್ಲ ನಿಮ್ಮ ಅಂಗಡಿಯ ಮುಂದೆ ಬಂದು ಕೂರುತ್ತಾರೆ ಅಂದೆ. ಅಷ್ಟರಲ್ಲಿ ಆಗಲೇ ಆರೇಳು ಜನ ಹೆಂಗಸರು ಎದುರಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಕರೆದಿರಲಿಲ್ಲ, ನಿಜವಾಗಿ. ಯಾವಾಗ ಜೋಡಿಸಿ ಮುಗಿಸ್ತೀಯ ಅಂತ ಹಲ್ಲು ಕಡಿದ. ಕೆಲಸ ನಾಜೂಕಿನದು, ಅವಸರ ಮಾಡಿದರೆ ಆಗುವುದಿಲ್ಲ, ಸೆಪ್ಟೆಂಬರ್ ಮೊದಲ ವಾರ ಅಂದೆ.

ಮೇಷ್ಟ್ರು ಮೂಲೆಯಲ್ಲಿ ಸ್ಟೂಲಿನ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದರು. ಅವರ ಮುಖ ನೋಡಲು ನನಗೆ ಧೈರ್ಯ ಇರಲಿಲ್ಲ. ಅವರ ಅಂಗಡಿಯಲ್ಲಿ ಅವರನ್ನು ಕೇಳದೆ ಮಾಡಿದ ಕೆಲಸ ಇದು. ಅವರು ಕವರಿನವನಿಗೆ, "ನೋಡಿ, ಬಿಚ್ಚಿದ ಯಂತ್ರ ಜೋಡಿಸದೆ ನಾನು ಯಾವತ್ತೂ ಅಂಗಡಿ ಬಾಗಿಲು ಹಾಕಿಲ್ಲ. ಸೆಪ್ಟೆಂಬರ್ ಅಂತ ಮೊದಲೇ ಮಾತು ಕೊಟ್ಟಿದ್ದೆ. ಸೆಪ್ಟೆಂಬರೇ" ಅಂದರು. ಆಮೇಲೆ ಅವನಿಗೂ ಎಣ್ಣೆಯ ಪಾಠ ಶುರು ಮಾಡಿದರು. ಅವನು ಶೋಕೇಸ್ ಹೊತ್ತುಕೊಂಡು ವಾಪಸ್ಸು ಹೋದ.

ಐದು ಬಿಲ್ಲು ಮುಗಿದಿದೆ. ಕೈ ತುರಿಸಿದಾಗಲೆಲ್ಲ ಒಂದು ಯಂತ್ರ ಜೋಡಿಸುತ್ತೇನೆ, ಆಮೇಲೆ ಮತ್ತೆ ಬಿಚ್ಚುತ್ತೇನೆ.

ಸೀಮೆಎಣ್ಣೆ ವಾಸನೆಯ
ಸೂಜಿ


ಆಗಸ್ಟ್ ೧೯

ಸೂಜಿ,

ನಿನ್ನ ಪತ್ರವನ್ನು ಅಮ್ಮನ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಅವಳಿದ್ದಿದ್ದರೆ ಕಟ್ಟೆಯ ಮೇಲೆ ಮೊದಲು ಕೂರುತ್ತಿದ್ದವಳು ಅವಳೇ.

ಪಕ್ಕದ ಮೇಜು ಎಷ್ಟು ದೂರವಿತ್ತೆಂದು ನೀನು ಕೇಳಿದ್ದೆ. ಕೈ ಚಾಚಿದರೆ ಸಿಗುತ್ತಿತ್ತು. ದಿನಾ ಅವನ ಮೇಜಿನಿಂದ ಪೆನ್ನು ತೆಗೆದುಕೊಳ್ಳುತ್ತಿದ್ದೆ.

ಹೋದ ವಾರ ನಾನು ಎರಡು ಕಾಗದ ಹಾಕಿದ್ದೆ, ಮೊನ್ನೆ ಇನ್ನೊಂದು. ಮೂರರಲ್ಲೂ ಒಂದೇ ಮಾತು. ಇದರಲ್ಲೂ ಅದೇ. ನನ್ನನ್ನು ಕ್ಷಮಿಸು. ಅವಳಿದ್ದಷ್ಟು ವರ್ಷವೂ ಅವಳಲ್ಲಿ ಕೇಳಬಹುದಿತ್ತು, ಕೇಳಲಿಲ್ಲ. ಈಗ ಕೇಳಬಹುದಾದವಳು ನೀನೊಬ್ಬಳೇ. ಒಂದು ಸಾಲು ಬರೆದು ಹಾಕು, ಸಾಕು.

ಅಪ್ಪ


ಸೆಪ್ಟೆಂಬರ್ ೧೨

ಅಪ್ಪ,

ಮೂರನೇ ತಾರೀಖು ಅರ್ಜಿ ಹಾಕಿದೆ. ಎಲ್ಲಿ ಅಂತ ಹೇಳಿರಲಿಲ್ಲ ಅಲ್ಲವೇ? ನಿಮ್ಮ ಹಳೆಯ ಕಂಪನಿಯಲ್ಲೇ. ಸಾಲ ಬೇರೆ ಕಡೆಯೂ ಸಿಗುತ್ತಿತ್ತು, ನನಗೆ ಅಲ್ಲಿಯದೇ ಬೇಕಿತ್ತು. ಟೋಕನ್ ತಗೊಂಡು ಬೆಂಚಿನಲ್ಲಿ ಕೂತೆ. ಬೆಂಚು ಈಗ ಸ್ಟೀಲಿನದು. ಮೇಜಿನಲ್ಲಿ ನನಗಿಂತ ಚಿಕ್ಕ ಹುಡುಗಿ ಇದ್ದಳು. ಸ್ಕೋರ್ ನೋಡಿದಳು, ಕೇಳಿದ್ದಕ್ಕಿಂತ ಹದಿನೆಂಟು ಹೆಚ್ಚಿತ್ತು. ಎಂಟು ತಿಂಗಳ ಹಿಂದೆ ಇಷ್ಟೊಂದು ಅರ್ಜಿ ಯಾಕೆ ಹಾಕಿದ್ರಿ ಅಂತ ಕೇಳಿದಳು. ಸಿಟ್ಟು ಬಂದಿತ್ತು ಅಂದೆ. ಮತ್ತೆ ಈಗ? ಅಂದಳು. ಈಗಲೂ ಬಂದಿದೆ, ಆದರೆ ಈಗ ಕಾಯಲು ಕಲಿತಿದ್ದೇನೆ ಅಂದೆ. ಅವಳು ನಕ್ಕು ಮುದ್ರೆ ಒತ್ತಿದಳು. ಕೈಚೀಲದಲ್ಲಿ ಅಮ್ಮನ ಕಾಗದ ಇತ್ತು. ಹೊರಗೆ ತೆಗೆಯಲಿಲ್ಲ. ಅದು ಅಲ್ಲಿಗೆ ಇನ್ನೊಂದು ಸಲ ಬಂದಿತ್ತು, ಅಷ್ಟು ಸಾಕು.

ಹತ್ತನೇ ತಾರೀಖು ಹಣ ಕೈಸೇರಿತು. ಮೇಷ್ಟ್ರು ಕೀಲಿ ಕೊಟ್ಟು, ಬೀಗಕ್ಕೂ ಆಗಾಗ ಎಣ್ಣೆ ಹಾಕಬೇಕು ಅಂದರು. ಮೂವತ್ತೊಂದು ಯಂತ್ರಗಳನ್ನೂ ಜೋಡಿಸಿ ಕಳಿಸಿದೆ. ಒಂದೇ ಒಂದು ಸ್ಕ್ರೂ ಉಳಿದಿದೆ, ಯಾರದು ಅಂತ ಗೊತ್ತಿಲ್ಲ, ಯಾರಿಗೂ ಹೇಳಬೇಡಿ.

ಇನ್ನು ನಿಮ್ಮ ವಿಷಯ. ನಿಮ್ಮ ನಾಲ್ಕೂ ಕಾಗದ ನನ್ನ ಮೇಜಿನ ಮೇಲಿವೆ. ಹತ್ತು ದಿನದಲ್ಲಿ ನಾಲ್ಕು ಸಲ ಕ್ಷಮಿಸು ಅಂತ ಕೇಳಿದ್ದೀರಿ. ಇಷ್ಟು ಆತುರದಲ್ಲಿ ಬಾಗಿಲು ತಟ್ಟುವವರನ್ನು ನೋಡಿದರೆ ಕೊಡುವವರಿಗೆ ಏನನ್ನಿಸುತ್ತದೆ, ನೀವೇ ಬರೆದಿದ್ದಿರಿ. ಇಷ್ಟು ವರ್ಷ ನಿಮ್ಮ ಹಾಳೆ ಖಾಲಿ ಇತ್ತು. ಒಮ್ಮೆಯೂ ಕೇಳಿದವರಲ್ಲ, ಒಮ್ಮೆಯೂ ತೀರಿಸಿದವರಲ್ಲ. ಅದಕ್ಕೆ ನಿಮ್ಮ ಅರ್ಜಿಯನ್ನು ಈಗ ತಿರಸ್ಕರಿಸಿದ್ದೇನೆ. ನನ್ನ ಕೈಯಾರೆ ಬರೆಯುತ್ತಿದ್ದೇನೆ, ನಮೂನೆಯಲ್ಲಲ್ಲ.

ಹೀಗೆ ಮಾಡಿ. ಅಮ್ಮನ ಯಂತ್ರವನ್ನು ಅಂಗಡಿಗೆ ತನ್ನಿ. ಅದಕ್ಕೆ ನಾನಿರುವವರೆಗೆ ತುಕ್ಕು ಹಿಡಿಯಬಾರದು. ಸರ್ವಿಸ್ಸಿಗೆ ಬಿಲ್ಲು ಹಾಕುತ್ತೇನೆ, ಪೂರ್ತಿ ಬೆಲೆ, ಮನೆಯವರೆಂಬ ರಿಯಾಯಿತಿ ಇಲ್ಲ, ನಿಮ್ಮ ಹೊಸ ಕಾರ್ಡಿನಲ್ಲೇ ಕಟ್ಟಿ. ತಿಂಗಳಿಗೊಂದು ಭಾನುವಾರ ಬನ್ನಿ, ಹೇಳಿದ ಹೊತ್ತಿಗೆ. ಬಂದಾಗ ಅಮ್ಮನ ಬಗ್ಗೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿ. ಒಂದೇ ಸಾಕು, ಇದ್ದದ್ದನ್ನೆಲ್ಲ ಒಮ್ಮೆಲೇ ಸುರಿಯಬೇಡಿ. ಟೋಕನ್ ನಲವತ್ತೊಂದರಿಂದ ಶುರು ಮಾಡಬಹುದು, ಆ ದಿನ ಅವಳು ಯಾವ ಸೀರೆ ಉಟ್ಟಿದ್ದಳು ಅಂತ.

ಹಾಗೆ ಆರು ಭಾನುವಾರ ತಪ್ಪದೆ ಆಗಲಿ. ಅಲ್ಲಿಯವರೆಗೆ ಕ್ಷಮೆಯ ಮಾತು ಎತ್ತಕೂಡದು. ಮಾರ್ಚಿನಲ್ಲಿ ಒಂದೇ ಒಂದು ಅರ್ಜಿ ಹಾಕಿ. ನಾನೇ ನೋಡುತ್ತೇನೆ, ಪಕ್ಕದ ಮೇಜಿಗೆ ದಾಟಿಸುವುದಿಲ್ಲ.

ನಿಮ್ಮ ಮಗಳು, ಅಂಗಡಿಯ ಯಜಮಾನಿ